ಮಾರ್ಸೆಲಸ್ ಕ್ಲಾರಿನೆಟ್‌ನಲ್ಲಿ ಬೆಸುಗೆ ಎಲ್ಲಿದೆ?

ನಮ್ಮ ಫೆಸ್ಟ್‌ಗಳಲ್ಲಿ ಯಾರು ಸ್ಪೀಡಾಗಿ ನುಡಿಸ್ತಾರೋ ಅವರಿಗೇ ಶಿಳ್ಳೆ. ಸ್ಪೀಡೇ ಪ್ರತಿಭೆ ಅಂದ್ಕೊಂಡಿರೋ ನಾವೆಲ್ಲ ಒಮ್ಮೆ ರಾಬರ್ಟ್ ಮಾರ್ಸೆಲಸ್ ಅವರನ್ನು ಕೇಳಬೇಕು. 1953ರಿಂದ 1973ರವರೆಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದ ಮುಖ್ಯ ಕ್ಲಾರಿನೆಟ್ ವಾದಕರು. ಜಾರ್ಜ್ ಸೆಲ್ ನಿರ್ದೇಶನದಲ್ಲಿ ಅವರು ನುಡಿಸಿದ ಮೊಜಾರ್ಟ್ ಕ್ಲಾರಿನೆಟ್ ಕಂಚೆರ್ಟೊ ಹುಡುಕಿ, ಎರಡನೇ ಭಾಗ ಹಾಕಿ.

ನಿಧಾನದ ಭಾಗ ಅದು. ಇದರಲ್ಲೇನಿದೆ ಅನ್ನಿಸಬಹುದು. ಆದರೆ ಕಷ್ಟ ಇರೋದೇ ಅಲ್ಲಿ. ಕ್ಲಾರಿನೆಟ್ ಒಂದು ತುದಿ ಮುಚ್ಚಿದ ಕೊಳವೆಯ ಥರ ವರ್ತಿಸುತ್ತೆ (ಪಿಯುಸಿ ಫಿಸಿಕ್ಸ್‌ನಲ್ಲಿ ಮಾರ್ಕ್ಸಿಗೋಸ್ಕರ ಉರು ಹೊಡೆದಿದ್ವಲ್ಲ, ಬೆಸ ಹಾರ್ಮೋನಿಕ್ಸ್, ಅದೇ). ಕೊಳಲನ್ನು ಜೋರಾಗಿ ಊದಿದರೆ ಷಡ್ಜ ಮೇಲಿನ ಷಡ್ಜಕ್ಕೆ ಹಾರುತ್ತೆ. ಕ್ಲಾರಿನೆಟ್ ಅದನ್ನೂ ದಾಟಿ ಮೇಲಿನ ಪಂಚಮಕ್ಕೆ ಹೋಗುತ್ತೆ. ಹಾಗಾಗಿ ನಡುವೆ ಒಂದು ಗಡಿ ಇದೆ. ಹೆಚ್ಚಿನ ಬೆರಳು ಬಿಟ್ಟಿರೋ ಸ್ವರದಿಂದ ಪಕ್ಕದ ಸ್ವರಕ್ಕೆ ಹೋಗೋಕೆ ಹೆಚ್ಚುಕಡಿಮೆ ಎಲ್ಲ ಬೆರಳೂ ಒಮ್ಮೆಗೇ ಮುಚ್ಚಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದ್ರೂ ನಾದ ಒಡೆಯುತ್ತೆ.

ಮಾರ್ಸೆಲಸ್ ಆ ಗಡಿಯನ್ನು ಎಲ್ಲಿ ದಾಟಿದ್ರು ಅಂತ ಕಿವಿಗೊಟ್ಟು ಹುಡುಕಿದ್ವಿ, ಸಿಗಲಿಲ್ಲ. ದುಂಡನೆಯ, ಗಾಢವಾದ ನಾದ. ಒಂದು ಸ್ವರದ ಒಳಗಿಂದಲೇ ಇನ್ನೊಂದು ಎದ್ದು ಬಂದ ಹಾಗೆ. ಮೊದಲಿನ ರಾಗ ತಿರುಗಿ ಬರುವಾಗ ಇನ್ನೂ ಮೆಲ್ಲಗೆ ನುಡಿಸ್ತಾರೆ, ಆದರೂ ನಾದ ತೆಳ್ಳಗಾಗಲ್ಲ.

ಇದು ತೀರಾ ಅಚ್ಚುಕಟ್ಟು, ಭಾವ ಕಮ್ಮಿ ಅನ್ನೋರಿಗೆ ನಮ್ಮ ತಕರಾರಿದೆ. ಅಳೋದನ್ನೇ ಭಾವ ಅಂದ್ರೆ ಹೇಗೆ? ಇನ್ನು ಸ್ಪೀಡ್ ಬೇಕೇ ಬೇಕು ಅನ್ನೋರು ಕೊನೆಯ ಭಾಗ ಕೇಳಿ. ವೇಗ ಅಲ್ಲೂ ಇದೆ, ಬೆವರು ಮಾತ್ರ ಕಾಣಿಸಲ್ಲ.