ತೀರ್ಪುಗಾರನಿಲ್ಲದ ಆಟ

ಶ್ರಾವಣ ಸಮೀಪಿಸುತ್ತಿದ್ದಂತೆ ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಕ್ರೀಡಾಕೂಟದ ಸಡಗರ ಮೊದಲಾಗುತ್ತದೆ. ವಲಯದಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದದ್ದು ಜಿಲ್ಲೆಗೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಕೊನೆಗೆ ರಾಜ್ಯಮಟ್ಟಕ್ಕೆ ಹೋಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ, ಬೇಗೂರು, ತೆರಕಣಾಂಬಿ ಕಡೆಯ ಮಕ್ಕಳಿಗೆ ಚಾಮರಾಜನಗರದ ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದಲ್ಲಿ ಆಡುವ ದಿನವು ಜಾತ್ರೆಯ ದಿನದಷ್ಟೇ ದೊಡ್ಡದು. ಮೂರು ದಶಕಗಳ ಕಾಲ ದೈಹಿಕ ಶಿಕ್ಷಣ ಶಿಕ್ಷಕನಾಗಿ ಆ ಸಡಗರದಲ್ಲಿ ನಾನೂ ಪಾಲುಗೊಂಡಿದ್ದೇನೆ. ಆದರೆ ಅಂಥ ಒಂದು ದಿನದ ನೆನಪು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

ಅಂದು ಬಾಲಕಿಯರ ಖೋ-ಖೋ ಪಂದ್ಯ. ನಮ್ಮ ತಂಡದ ಹುಡುಗಿಯೊಬ್ಬಳು ಕಂಬವನ್ನು ಬಳಸಿ ತಿರುಗುವಾಗ ಮೊಣಕಾಲು ಹಿಡಿದುಕೊಂಡು ಕುಳಿತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. ನಸುಕಿನಲ್ಲೇ ಬಸ್ಸು ಹತ್ತಿದವಳು; ಹಿಂದಿನ ರಾತ್ರಿಯ ಊಟದ ಬಳಿಕ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಟೀ ಮಾತ್ರ. ನಾನು ಓಡಿಹೋಗಿ ಕೇಳಿದ ಮೊದಲ ಮಾತು, “ಮುಂದಿನ ಸುತ್ತು ಆಡ್ತೀಯೇನವ್ವಾ?” ಎಂಬುದು. “ಆಡ್ತೀನಿ ಸಾ” ಎಂದಳು. ಆಡಿದಳು. ತಂಡ ಗೆದ್ದಿತು. ಆಕೆ ಮುಂದೆಂದೂ ಮೊದಲಿನಂತೆ ಓಡಲಿಲ್ಲ. ಗೆಲುವಿನ ಫಲಕ ಶಾಲೆಯ ಕಪಾಟಿನಲ್ಲಿ ಉಳಿಯಿತು. ನೋವು ಆ ಮಗುವಿನ ಕಾಲಿನಲ್ಲಿ ಉಳಿಯಿತು.

ಇದನ್ನು ಯಾರನ್ನೋ ದೂರುವುದಕ್ಕಾಗಿ ಬರೆಯುತ್ತಿಲ್ಲ. ತಪ್ಪು ನನ್ನದು. ಆದರೆ ಆ ತಪ್ಪಿಗೆ ನನ್ನನ್ನು ಸಿದ್ಧಗೊಳಿಸಿದ ಒಂದು ರೂಢಿಯೂ ಇತ್ತು. ಅದು ಇಂದಿಗೂ ಇದೆ.

ಕೆಲವರಿಗೆ ಮಿತಿಮೀರಿ, ಹಲವರಿಗೆ ಇಲ್ಲವೇ ಇಲ್ಲ

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಮೈದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನಲ್ಲಿ ಶಾಲೆಗೆ ಹೋಗುವ ಹದಿಹರೆಯದವರ ಪೈಕಿ ನೂರಕ್ಕೆ 81 ಮಂದಿಗೆ ಇಷ್ಟು ಚಟುವಟಿಕೆಯೂ ಇಲ್ಲವೆಂದು ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದರು. ಹುಡುಗಿಯರಲ್ಲಿ ಈ ಪ್ರಮಾಣ 85. ಎಲುಬಿನ ಗಟ್ಟಿತನದ ಬಹುಪಾಲು ಕೂಡಿಬರುವುದು ಹದಿಹರೆಯದಲ್ಲಿಯೇ. ಈ ವಯಸ್ಸಿನಲ್ಲಿ ಓಡದ, ಜಿಗಿಯದ ಮಗು ಮುಪ್ಪಿನ ಮೂಳೆಸವೆತಕ್ಕೆ ಈಗಲೇ ದಾರಿ ಮಾಡಿಕೊಳ್ಳುತ್ತದೆ.

ಹಳ್ಳಿಯ ಮಕ್ಕಳು ಹೇಗೂ ಮೈಮುರಿದು ದುಡಿಯುತ್ತಾರಲ್ಲ ಎಂಬ ಸಮಾಧಾನ ನಮ್ಮಲ್ಲಿದೆ. ಆದರೆ ಇಂದು ಶಾಲೆಯ ವಾಹನ ಮನೆಬಾಗಿಲಿಗೆ ಬರುತ್ತದೆ. ಸಂಜೆಯ ಹೊತ್ತನ್ನು ಮೊಬೈಲ್ ನುಂಗುತ್ತದೆ. ಹತ್ತನೆಯ ತರಗತಿಗೆ ಬಂದ ಮೇಲಂತೂ ವೇಳಾಪಟ್ಟಿಯಲ್ಲಿರುವ ಆಟದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಸಂದುಹೋಗುತ್ತದೆ. ಕ್ರೀಡಾಕೂಟ ಬಂದಾಗ ಚುರುಕಾದ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿ ಎರಡು ವಾರ ಬಿಡುವಿಲ್ಲದೆ ಓಡಿಸುತ್ತೇವೆ. ವರ್ಷವಿಡೀ ಆಡದೆ ಇದ್ದಕ್ಕಿದ್ದಂತೆ ಆಡಿದ ಆ ಮಕ್ಕಳ ಕಣಕಾಲು, ಮೊಣಕಾಲು ಉಳುಕುತ್ತವೆ. ಉಳಿದ ನೂರಾರು ಮಕ್ಕಳು ಕೂತೇ ಇರುತ್ತಾರೆ. ಕೆಲವರಿಗೆ ಮಿತಿಮೀರಿದ ದಣಿವು, ಹಲವರಿಗೆ ಜಡತೆ: ಎರಡೂ ಅನಾರೋಗ್ಯವೇ.

ಇದರ ಹಿಂದೆ ಹಸಿವೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದಾಗ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ದೊರೆಯದು. ಬೇಗ ಏದುಸಿರು, ತಲೆಸುತ್ತು ಬರುತ್ತವೆ. ಅಂಥ ಮಗುವನ್ನು ನಾವು “ಸೋಮಾರಿ” ಎಂದು ಗದರುತ್ತೇವೆ. ಆರರಿಂದ ಹನ್ನೆರಡನೆಯ ತರಗತಿಯವರೆಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದಿಲ್ಲ; ಅದರ ಜೊತೆಗೆ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೆಲ್ಲಿಕಾಯಿ, ನಿಂಬೆಹಣ್ಣು ಅದಕ್ಕೆ ನೆರವಾಗುತ್ತವೆ. ಇದಿಷ್ಟನ್ನು ತಾಯಂದಿರಿಗೆ ತಿಳಿಸಿದರೂ ಎಷ್ಟೋ ಮಕ್ಕಳ ನಡಿಗೆಯೇ ಬದಲಾದೀತು.

ಹದಿಹರೆಯದವರೇ ಕಟ್ಟಿದ ಆಟ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಮೈದಾನವೊಂದರಲ್ಲಿ ಹುಡುಗರೂ ಹುಡುಗಿಯರೂ ಒಂದೇ ತಂಡವಾಗಿ ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆದು ಹಿಡಿಯುತ್ತಿದ್ದುದನ್ನು ಕಂಡೆ. ಹುಡುಗನೊಬ್ಬ ನೆಲಕ್ಕೆ ಹಾರಿ ತಟ್ಟೆಯನ್ನು ಹಿಡಿದ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಆತ ಎದ್ದು ನಿಂತು, ತಟ್ಟೆ ಮೊದಲು ನೆಲಕ್ಕೆ ತಾಗಿತೆಂದು ತಾನೇ ಹೇಳಿ ಎದುರಾಳಿಗೆ ಒಪ್ಪಿಸಿಬಿಟ್ಟ. ತೀರ್ಪುಗಾರನೆಲ್ಲಿ ಎಂದು ನೋಡಿದೆ. ತೀರ್ಪುಗಾರನೇ ಇರಲಿಲ್ಲ.

ಈ ಆಟದ ಹೆಸರು ಅಲ್ಟಿಮೇಟ್. ತಟ್ಟೆಯನ್ನು ಜನ ಫ್ರಿಸ್ಬೀ ಎನ್ನುತ್ತಾರೆ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಪಲ್‌ವುಡ್ ಊರಿನ ಕೊಲಂಬಿಯಾ ಹೈಸ್ಕೂಲಿನ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. 1970ರಲ್ಲಿ ಅವರು ನೆರೆಯ ಮಿಲ್‌ಬರ್ನ್ ಹೈಸ್ಕೂಲಿನೊಡನೆ ಆಡಿದ್ದೇ ಮೊದಲ ಅಂತರಶಾಲಾ ಪಂದ್ಯ. ಹದಿಹರೆಯದವರು ತಮಗಾಗಿ ಕಟ್ಟಿಕೊಂಡ ಈ ಆಟದ ಜಾಗತಿಕ ಒಕ್ಕೂಟಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ದೊರೆಯಿತು. ಬೆಂಗಳೂರು, ಚೆನ್ನೈ, ಅಹಮದಾಬಾದ್ ನಗರಗಳಲ್ಲಿ ಇದು ಈಗ ಬೇರುಬಿಟ್ಟಿದೆ.

ನಿಯಮಗಳು ಸರಳ. ತಂಡಕ್ಕೆ ಏಳು ಮಂದಿ. ತಟ್ಟೆಯ ತೂಕ 175 ಗ್ರಾಂ. ಅದನ್ನು ಹಿಡಿದವರು ಓಡುವಂತಿಲ್ಲ. ಎದುರಾಳಿ ಹತ್ತು ಎಣಿಸುವುದರೊಳಗೆ ಜೊತೆಯವರಿಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ತಟ್ಟೆ ಎದುರಾಳಿಯದು. ಅಂಗಳದ ತುದಿಯ ಪಟ್ಟಿಯೊಳಗೆ ಜೊತೆಯವರು ಹಿಡಿದರೆ ಒಂದು ಅಂಕ. ಮೈಗೆ ಮೈ ತಾಗಿಸುವಂತಿಲ್ಲ. ತಾಗಿದರೆ ತಾಗಿಸಿಕೊಂಡವರೇ “ತಪ್ಪಾಯಿತು” ಎಂದು ಕೂಗುತ್ತಾರೆ. ಎದುರಿನವರು ಒಪ್ಪಿದರೆ ಸರಿ. ಒಪ್ಪದಿದ್ದರೆ ತಟ್ಟೆ ಎಸೆದವರ ಕೈಗೆ ಮರಳುತ್ತದೆ, ಆಟ ಅಲ್ಲಿಂದಲೇ ಮುಂದುವರಿಯುತ್ತದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದೇ ವೃತ್ತವಾಗಿ ನಿಂತು ಮಾತನಾಡುತ್ತವೆ. ನಿಯಮದ ತಿಳಿವಳಿಕೆ, ಮೈತಾಗದಂತೆ ಆಡಿದ ರೀತಿ, ನ್ಯಾಯಬುದ್ಧಿ, ಸಂಯಮ, ಮಾತಿನ ಸೌಜನ್ಯ ಎಂಬ ಐದು ವಿಷಯಗಳಿಗೆ ಒಂದು ತಂಡ ಮತ್ತೊಂದಕ್ಕೆ ಅಂಕ ಕೊಡುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು ನಿಯಮ. ಆಟಗಾರರಿಗೆ ಗಾಯವಾದರೆ ಅವರೇ, ಅಥವಾ ಅವರ ತಂಡದ ಯಾರೇ ಆದರೂ, ಕೂಡಲೇ ಆಟವನ್ನು ನಿಲ್ಲಿಸಬಹುದು. ಶಿಕ್ಷಕರ ಅಪ್ಪಣೆಗೆ ಕಾಯಬೇಕಿಲ್ಲ. ಅಂದು ಚಾಮರಾಜನಗರದಲ್ಲಿ ನೋವಾದ ಹುಡುಗಿಯ ಕೈಯಲ್ಲಿ ಈ ಅಧಿಕಾರ ಇದ್ದಿದ್ದರೆ, ಅದನ್ನು ಬಳಸುವ ಧೈರ್ಯವನ್ನೂ ನಾವು ಕಲಿಸಿದ್ದರೆ, ಆಕೆ “ಆಡ್ತೀನಿ ಸಾ” ಎನ್ನುತ್ತಿರಲಿಲ್ಲವೇನೋ. ನೋವನ್ನು ನೋವೆಂದು ಹೇಳಲು ಕಲಿಯುವುದು ಆರೋಗ್ಯದ ಮೊದಲ ಪಾಠ. ನಮ್ಮ ಹೆಣ್ಣುಮಕ್ಕಳಿಗೆ ನಾವು ಕಲಿಸಿರುವುದು ಸಹಿಸುವುದನ್ನು ಮಾತ್ರ.

ಕೆಲವು ಸಂದೇಹಗಳು

ಖೋ-ಖೋ, ಕಬಡ್ಡಿಗಳಿರುವಾಗ ಪರದೇಶದ ಆಟವೇಕೆ ಎಂದು ಹಿರಿಯರು ಕೇಳಬಹುದು. ಖೋ-ಖೋದ ಹಿರಿಮೆಯನ್ನು ಅಲ್ಲಗಳೆಯುವವನು ನಾನಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದಾಗ ಆ ತಂಡದಲ್ಲಿ ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಅಂಗಳದಿಂದ ವಿಶ್ವಕಪ್ಪಿನವರೆಗೆ ಹೋದ ಆ ದಾರಿ ನಮ್ಮ ಮಕ್ಕಳಿಗೆಲ್ಲ ತೆರೆದಿರಲಿ. ಆದರೆ ಇಂದು ನಮ್ಮ ಊರೂರಿನಲ್ಲಿ ಆಡುವ ವಾಲಿಬಾಲ್ ಕೂಡ 1895ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದನ್ನು ಈಗ ಪರದೇಶದ್ದೆಂದು ಯಾರೂ ದೂರವಿಡುವುದಿಲ್ಲ. ಖೋ-ಖೋವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಈ ಹೊಸ ಆಟದಲ್ಲಿರುವ ಪಾಠವನ್ನು ನಮ್ಮ ಆಟಗಳಿಗೂ ತರಬೇಕೆಂದು ಕೋರುತ್ತಿದ್ದೇನೆ.

ತೀರ್ಪುಗಾರನಿಲ್ಲದಿದ್ದರೆ ಮಕ್ಕಳು ಸುಳ್ಳು ಹೇಳುವುದಿಲ್ಲವೆ? ಕೆಲವರು ಹೇಳುತ್ತಾರೆ. ಆದರೆ ತೀರ್ಪುಗಾರನಿರುವಾಗ ಅವನ ಕಣ್ಣು ತಪ್ಪಿಸುವುದೇ ಜಾಣತನವೆಂದು ಮಕ್ಕಳಿಗೆ ಹೇಳಿಕೊಟ್ಟವರು ನಾವು. ಬಸವಾದಿ ಶರಣರು ಹೊರಗಿನ ಆಡಂಬರಕ್ಕಿಂತ ಒಳಗಿನ ಸಾಕ್ಷಿಯನ್ನು ದೊಡ್ಡದೆಂದರು. ದೇಹವನ್ನೇ ದೇವರ ನೆಲೆಯೆಂದು ಬಗೆದರು. ಆ ಮಾತನ್ನು ವೇದಿಕೆಯಲ್ಲಿ ಕೇಳಿ ಬಂದ ಮಗು ಮೈದಾನದಲ್ಲಿ ಅದನ್ನು ಅಭ್ಯಾಸ ಮಾಡಲು ಅವಕಾಶ ಬೇಡವೆ? ಹೆಣ್ಣು ಗಂಡೆಂಬ ಭೇದವಿಲ್ಲದೆ ಅನುಭವ ಮಂಟಪದಲ್ಲಿ ಕೂಡಿ ಕುಳಿತವರ ಪರಂಪರೆ ನಮ್ಮದು. ಹುಡುಗ ಹುಡುಗಿಯರು ಮರ್ಯಾದೆಯಿಂದ ಕೂಡಿ ಆಡುವ ಆಟಕ್ಕೆ ನಾವೇ ಹಿಂಜರಿಯಬಾರದು.

ತೊಡಕುಗಳೂ ಇವೆ. ಗುಂಡ್ಲುಪೇಟೆಯ ಬಯಲಿನಲ್ಲಿ ಆಷಾಢದ ಗಾಳಿ ಬೀಸುವಾಗ ಹಗುರವಾದ ತಟ್ಟೆ ಹೇಳಿದ ಕಡೆ ಹೋಗದು. ಪೂರ್ಣ ಅಂಗಳಕ್ಕೆ 100 ಮೀಟರ್ ಉದ್ದ, 37 ಮೀಟರ್ ಅಗಲದ ಜಾಗ ಬೇಕು. ನಮ್ಮ ಅನೇಕ ಶಾಲೆಗಳಿಗೆ ಅದಿಲ್ಲ. ಕಲ್ಲು ಮೊರಮಿನ ನೆಲದಲ್ಲಿ ಹಾರಿ ಹಿಡಿಯುವುದು ಅಪಾಯ. ಆದ್ದರಿಂದ ಚಿಕ್ಕ ಅಂಗಳದಲ್ಲಿ ಐದೈದು ಮಂದಿಯೊಂದಿಗೆ, ಹಾರದೆ ಆಡುವುದರಿಂದ ಆರಂಭಿಸಬಹುದು. ಬಲೆ ಬೇಡ, ಕಂಬ ಬೇಡ. ಒಂದು ತಟ್ಟೆ ಇದ್ದರೆ ಹತ್ತು ಮಕ್ಕಳು ಓಡುತ್ತಾರೆ.

ಮಠ ಮತ್ತು ಶಾಲೆಗಳು ಮಾಡಬಹುದಾದದ್ದು

ಸುತ್ತೂರು ಜಾತ್ರೆಯಲ್ಲಿ ಕುಸ್ತಿ ಮತ್ತು ದೇಸಿ ಆಟಗಳಿಗೆ ಗೌರವದ ಸ್ಥಾನವಿದೆ. ಮಠಗಳು ಅನ್ನ, ಅಕ್ಷರಗಳೊಂದಿಗೆ ಅಂಗಸಾಧನೆಯನ್ನೂ ಪೋಷಿಸಿಕೊಂಡು ಬಂದಿವೆ. ಆ ಭರವಸೆಯಿಂದಲೇ ನಾಲ್ಕು ವಿನಂತಿಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಮಠಗಳ ಆಶ್ರಯದ ಪ್ರೌಢಶಾಲೆಗಳಲ್ಲಿ ಆಟದ ಅವಧಿಯನ್ನು ಯಾವ ಪಾಠಕ್ಕೂ ಬಿಟ್ಟುಕೊಡಬಾರದು. ಹತ್ತನೆಯ ತರಗತಿಗೂ ಇದು ಅನ್ವಯಿಸಬೇಕು. ಎರಡನೆಯದು, ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಕೆಲವು ಶಾಲೆಗಳು ಸೇರಿ ವರ್ಷಕ್ಕೊಮ್ಮೆ ಅಲ್ಟಿಮೇಟ್ ಆಟದ ಸ್ನೇಹಕೂಟವೊಂದನ್ನು ನಡೆಸಲಿ. ಅಲ್ಲಿ ಗೆದ್ದ ತಂಡಕ್ಕೆ ಸಲ್ಲುವ ಗೌರವವೇ ಸನ್ನಡತೆಯ ಅಂಕ ಹೆಚ್ಚು ಪಡೆದ ತಂಡಕ್ಕೂ ಸಲ್ಲಲಿ. ಅತಿ ಹೆಚ್ಚು ಮಕ್ಕಳನ್ನು ಅಂಗಳಕ್ಕಿಳಿಸಿದ ಶಾಲೆಗೆ ಮೂರನೆಯ ಬಹುಮಾನವಿರಲಿ.

ಮೂರನೆಯದು ದಾಸೋಹಕ್ಕೆ ಸಂಬಂಧಿಸಿದ್ದು. ಕ್ರೀಡಾಕೂಟಕ್ಕೆ ಹೊರಟ ಮಗು ಬರಿಹೊಟ್ಟೆಯಲ್ಲಿ ಬಸ್ಸು ಹತ್ತಬಾರದು. ಆಟಕ್ಕೆ ಎರಡು ಮೂರು ಗಂಟೆ ಮೊದಲು ಇಡ್ಲಿ, ಉಪ್ಪಿಟ್ಟು ಅಥವಾ ರಾಗಿ ಗಂಜಿ. ನಡುವೆ ಬಾಳೆಹಣ್ಣು, ಕಡಲೆಮಿಠಾಯಿ. ಬಾಯಾರುವ ಮೊದಲೇ ಆಗಾಗ ನೀರು, ಉಪ್ಪು ಬೆರೆಸಿದ ಮಜ್ಜಿಗೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಊರಿನ ಒಂದೊಂದು ಮನೆ ಒಂದೊಂದು ದಿನದ ಹೊಣೆ ಹೊತ್ತರೆ ಸಾಕು.

ನಾಲ್ಕನೆಯದು, ಗಾಯದ ವಿಷಯ. ಜಿಗಿದು, ಥಟ್ಟನೆ ತಿರುಗುವ ಆಟಗಳಲ್ಲಿ ಹುಡುಗಿಯರ ಮೊಣಕಾಲಿನ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚು. ವರ್ಷವಿಡೀ ಆಟಕ್ಕೆ ಮೊದಲು ಹದಿನೈದು ಇಪ್ಪತ್ತು ನಿಮಿಷ ಮೈ ಬೆಚ್ಚಗಾಗಿಸುವ ಓಟ, ಒಂಟಿಕಾಲಿನ ಸಮತೋಲನ, ಮೊಣಕಾಲು ಮಡಿಸಿ ಹಗುರವಾಗಿ ಇಳಿಯುವ ಅಭ್ಯಾಸ ಮಾಡಿಸಿದರೆ ಇಂಥ ಗಾಯಗಳು ಗಣನೀಯವಾಗಿ ತಗ್ಗುತ್ತವೆ. ಗಾಯವಾದ ಮೇಲೆ ಎಣ್ಣೆ ಹಚ್ಚಿ ನೀವುವುದು ಸಲ್ಲದು. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಟ್ಟು, ಹಿತವಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಬೇಕು. ಕಾಲೂರಲಾಗದಿದ್ದರೆ, ಊತ ಏರುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ತಲೆಗೆ ಪೆಟ್ಟಾದ ಮಗುವನ್ನು ಆ ದಿನ ಮತ್ತೆ ಆಡಿಸಲೇಬಾರದು.

ಕ್ರೀಡಾಕೂಟದ ಫಲಕಗಳು ನಮ್ಮ ಶಾಲೆಗಳಿಗೆ ಇನ್ನೂ ಬರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಶಾಲೆಯ ಆರೋಗ್ಯವನ್ನು ಅಳೆಯಬೇಕಾದದ್ದು ಫಲಕಗಳ ಎಣಿಕೆಯಿಂದಲ್ಲ. ಸಂಜೆ ಬೆವರಿದ ಮೈಯಲ್ಲಿ ನಗುತ್ತ ಮನೆಗೆ ಮರಳುವ ಮಕ್ಕಳ ಎಣಿಕೆಯಿಂದ. ಈ ಸಲದ ಕೂಟದಲ್ಲಿ ಮಗುವೊಂದು ಅಂಗಳದಲ್ಲಿ ಕುಸಿದು ಕುಳಿತರೆ, ಓಡಿಹೋಗುವ ಶಿಕ್ಷಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನಾನು ಕೇಳಿದ ಪ್ರಶ್ನೆಯನ್ನು ನೀವು ಕೇಳಬೇಡಿ. “ಎಲ್ಲಿ ನೋಯುತ್ತಿದೆ ಮಗೂ? ಬೆಳಿಗ್ಗೆ ಏನು ಉಂಡೆ?” ಎಂದು ಕೇಳಿರಿ.