ಸ್ಕ್ಯಾನಿಂಗ್ ಆಯಿತು, ಸರಿಯಾಗಿ ಕಂಡಿತೇ?

ನಮ್ಮ ಮನೆಗಳಲ್ಲಿ ಗರ್ಭಿಣಿಯರು ಸ್ಕ್ಯಾನಿಂಗ್ ಮಾಡಿಸಿ ಬಂದರೆ ಎಲ್ಲರೂ ಕೇಳುವುದು ಒಂದೇ ಮಾತು: "ನಾರ್ಮಲ್ ಅಲ್ವಾ?" ಹೌದು ಅಂದರೆ ಮುಗಿಯಿತು, ಫೈಲ್ ಕಪಾಟಿಗೆ ಸೇರುತ್ತದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನೋಡಬೇಕಾದ್ದೆಲ್ಲ ಸರಿಯಾಗಿ ಕಂಡಿತೇ? ನೋಡಿ ತೊಂದರೆ ಇಲ್ಲ ಅನ್ನುವುದು ಬೇರೆ, ಕಾಣದೇ ಬಿಟ್ಟುಹೋಗುವುದು ಬೇರೆ.

ಸ್ಕ್ಯಾನಿಂಗ್ ಮೆಷಿನ್ ಮೊಬೈಲ್ ಕ್ಯಾಮೆರಾದಂತಲ್ಲ. ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಅದು ದೇಹದೊಳಗೆ ಕಳಿಸುತ್ತದೆ. ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಮೂಡಿಸುತ್ತದೆ. ನಡುವೆ ಗಾಳಿ ಇದ್ದರೆ ಶಬ್ದ ಒಳಗೆ ಹೋಗುವುದಿಲ್ಲ. ಹೊಟ್ಟೆಗೆ ಜೆಲ್ ಹಚ್ಚುವುದು ಅದಕ್ಕೇ. ಎಲುಬು ಅಡ್ಡ ಬಂದರೆ ಅದರ ಹಿಂದೆ ಕಪ್ಪು ನೆರಳು. ತಾಯಿಯ ಹೊಟ್ಟೆಯಲ್ಲಿ ಕೊಬ್ಬು ಜಾಸ್ತಿ ಇದ್ದರೆ ಚಿತ್ರ ಮಸುಕು. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಅದರ ಹೃದಯ ಸರಿಯಾಗಿ ಕಾಣುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ಕಾಣಲಿಲ್ಲ ಅಂತ ರಿಪೋರ್ಟಿನಲ್ಲಿ ಬರೆಯುವುದು ಅವರ ಕೆಲಸ, ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸ.

18ರಿಂದ 22 ವಾರದೊಳಗೆ ಮಾಡುವ ಅನಾಮಲಿ ಸ್ಕ್ಯಾನಿಂಗ್ ಬಹಳ ಮುಖ್ಯ. ಮಗುವಿನ ಮೆದುಳು, ಬೆನ್ನೆಲುಬು, ಕಿಡ್ನಿ, ಹೃದಯದ ನಾಲ್ಕು ಕೋಣೆ, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳಗಳು, ಎಲ್ಲವನ್ನೂ ಒಂದೊಂದಾಗಿ ನೋಡಬೇಕು. ಹೃದಯದ ದೊಡ್ಡ ತೊಂದರೆ ಮೊದಲೇ ಗೊತ್ತಾದರೆ ಹೆರಿಗೆಯನ್ನು ಎಳೆ ಮಗುವಿನ ಹೃದಯಕ್ಕೆ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲೇ ಮಾಡಿಸಬಹುದು. ಕೆಲವು ಮಕ್ಕಳ ಜೀವ ಉಳಿಯುವುದು ಇದರಿಂದಲೇ.

ಹಾಗಿರುವಾಗ ನಾವು "ಬೇಗ ಮುಗಿಸಿ, ಆಟೋ ಕಾಯ್ತಾ ಇದೆ" ಅನ್ನುವುದು ಸರಿಯಲ್ಲ. ಮಗು ತಿರುಗಲಿ, ಸ್ವಲ್ಪ ನಡೆದಾಡಿ ಬನ್ನಿ ಅಂದರೆ ಬೇಸರ ಬೇಡ. ಒಂದು ವಾರ ಬಿಟ್ಟು ಮತ್ತೆ ಬನ್ನಿ ಅಂದರೆ "ದುಡ್ಡು ಮಾಡಲಿಕ್ಕೆ" ಅಂತ ಮನೆಯಲ್ಲಿ ಕೂತು ತೀರ್ಮಾನಿಸುವುದೂ ಬೇಡ. ಲೇಡಿ ಡಾಕ್ಟರೇ ಬೇಕಿದ್ದರೆ ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ಹೇಳಿ. ಸಂಕೋಚದಿಂದ ಅರ್ಧಂಬರ್ಧ ಸ್ಕ್ಯಾನಿಂಗ್ ಆದರೆ ನಷ್ಟ ಮಗುವಿಗೆ.

ಸ್ಕ್ಯಾನಿಂಗ್ ಸೆಂಟರಿನವರಿಗೂ ಒಂದು ಮಾತು. ಹೊರಗೆ ಎಷ್ಟೇ ಕ್ಯೂ ಇರಲಿ, ಒಳಗಿರುವ ತಾಯಿಗೆ ಬೇಕಾದ ಸಮಯ ಕೊಡಿ. ಮಸುಕಾದ ಚಿತ್ರ ನೋಡಿ ನಾರ್ಮಲ್ ಅಂತ ಬರೆಯಬೇಡಿ.

ಒಳ್ಳೆಯ ಸ್ಕ್ಯಾನಿಂಗಿನಲ್ಲೂ ಎಲ್ಲ ತೊಂದರೆ ಸಿಗುವುದಿಲ್ಲ, ನಿಜ. ಆದರೂ ಮುಂದಿನ ಸಲ ರಿಪೋರ್ಟ್ ಕೈಗೆ ಬಂದಾಗ "ಯಾವುದಾದರೂ ಕಾಣದೇ ಉಳಿದಿದೆಯಾ ಡಾಕ್ಟ್ರೇ?" ಅಂತ ಕೇಳಿಯೇ ಬನ್ನಿ.