ವಾರದ ಮೆಚ್ಚುಗೆ, ವಾರದ ಮುನಿಸು

ಹೋದ ವಾರ ನಾವು ಚಾಮರಾಜನಗರದ ಕಚೇರಿಯ ಬಾಗಿಲಿಗೆ ಬೀಗ ಹಾಕಿ ಮೂರು ದಿವಸ ಊರಾಡಿ ಬಂದೆವು. ಮೊದಲು ಹನೂರು, ಹಿಂದಿರುಗುತ್ತ ಕೊಳ್ಳೇಗಾಲ, ಕಡೆಗೆ ಯಳಂದೂರು. ಪತ್ರಿಕೆಯ ಚಂದಾ ವಸೂಲಿಗೆಂದು ಹೊರಟದ್ದು ನಿಜ. ಆದರೆ ಚಂದಾಕ್ಕಿಂತ ಮಾತೇ ಹೆಚ್ಚು ವಸೂಲಾಯಿತು. ಮೆಚ್ಚತಕ್ಕದ್ದು ಕೆಲವು ಕಂಡವು, ಮುನಿಯತಕ್ಕದ್ದು ಕೆಲವು ಕಂಡವು. ಎರಡನ್ನೂ ವಾಚಕರ ಮುಂದಿಡುತ್ತೇವೆ. ತೂಗಿ ನೋಡುವುದು ಅವರಿಗೆ ಬಿಟ್ಟದ್ದು. ಅಂಗಡಿಯವರಿಗೆ ತಕ್ಕಡಿ ಹಿಡಿಯುವುದನ್ನು ನಾವು ಹೇಳಿಕೊಡಬೇಕಾಗಿಲ್ಲ.

ನಾವು ಹೊರಟದ್ದು ಅಮಾವಾಸ್ಯೆಯ ಹಿಂದಿನ ದಿವಸ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮಹದೇಶ್ವರನ ಬೆಟ್ಟದ ಬಸ್ಸು ಬಂದು ನಿಂತಿತೆನ್ನುವಷ್ಟರಲ್ಲಿ ಬಾಗಿಲು ಕಾಣದಷ್ಟು ಜನ. ಕಿಟಕಿಯೊಳಗಿಂದ ಟವೆಲು, ಚೀಲ, ಒಂದು ಕೂಸು ಕೂಡ ಒಳಗೆ ಹೋಗಿ ಸೀಟು ಹಿಡಿದವು. ನಮ್ಮ ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ, "ಮದ್ವೆಯಾಗಿ ಬಂದ್ಮೇಲೆ ಎರಡೇ ಸಲ ಬೆಟ್ಟಕ್ಕೋಗಿದ್ದೆ ಬುದ್ಧಿ, ಈಗ ತಿಂಗ್ಳು ತಿಂಗ್ಳೂ ಮಾದಪ್ಪನ ಮೊಕ ನೋಡ್ತೀನಿ" ಎಂದಳು. (ನಮ್ಮ ಸೀಮೆಯಿಂದ ಈ 'ಬುದ್ಧಿ' ಎಂಬ ಮಾತು ಯಾವಾಗ ತೊಲಗುವುದೋ! ನಾವು 'ಅಣ್ಣ ಅನ್ನವ್ವ' ಎಂದೆವು. ಆಕೆ 'ಆಗಲಿ ಬುದ್ಧಿ' ಎಂದಳು.)

2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಇದು ನಮ್ಮ ಈ ವಾರದ ಮೊದಲ ಮೆಚ್ಚುಗೆ. ಪುಕ್ಕಟೆ ಕೊಟ್ಟು ಹೆಂಗಸರನ್ನು ಕೆಡಿಸಿದರೆಂದು ಗೊಣಗುವ ಗಂಡಸರು ಪ್ರತಿಯೊಂದು ಬಸ್ಸಿನಲ್ಲಿಯೂ ಇಬ್ಬರಾದರೂ ಇರುತ್ತಾರೆ. ಹನೂರಿನ ಸರ್ಕಲ್ಲಿನಲ್ಲಿ ಕಾಯಿ, ಬಾಳೆಹಣ್ಣು, ಪುರಿ ಮಾರುವವರನ್ನು ಅವರು ಒಂದು ಮಾತು ಕೇಳಿ ನೋಡಲಿ. ಟಿಕೀಟಿನಲ್ಲಿ ಉಳಿದ ದುಡ್ಡು ಅಜ್ಜಿಯ ಸೆರಗಿನ ಗಂಟಿನಲ್ಲಿ ಕೊಳೆಯುತ್ತ ಕೂರುವುದಿಲ್ಲ. ಒಂದಷ್ಟು ಹುಂಡಿಗೆ ಬೀಳುತ್ತದೆ, ಮಿಕ್ಕದ್ದು ಅಂಗಡಿಗೆ ಬೀಳುತ್ತದೆ. ಸಣ್ಣ ವ್ಯಾಪಾರಸ್ಥನ ಗಲ್ಲಾಪೆಟ್ಟಿಗೆಗೆ ಸರ್ಕಾರದಿಂದ ನೇರವಾಗಿ ಬಂದ ಸಹಾಯ ಇದಕ್ಕಿಂತ ಬೇರೆ ಯಾವುದಿದೆ, ಯಾರಾದರೂ ಹೇಳಲಿ.

ಮುನಿಸು ಇರುವುದು ಬೇರೆ ಕಡೆ. ಆ ಬಸ್ಸಿನ ಕಂಡಕ್ಟರು ಇನ್ನೂ ಹುಡುಗ. ಹಣ ತೆಗೆದುಕೊಳ್ಳದಿದ್ದರೂ ಪ್ರತಿಯೊಬ್ಬ ಹೆಂಗಸಿಗೂ ಅವನು ಸೊನ್ನೆ ರೂಪಾಯಿನ ಟಿಕೀಟು ಹರಿದುಕೊಡಲೇಬೇಕು. ಒಂದು ಟಿಕೀಟು ತಪ್ಪಿ ತನಿಖೆಯವರು ಹತ್ತಿದರೆಂದರೆ ಅವನಿಗೆ ನೋಟೀಸು. ತಿರುವಿನ ಮೇಲೆ ತಿರುವಿರುವ ಘಾಟಿ. ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ. ಅವನು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಂತ್ರ ಹಿಡಿದು ಜನರ ಹೆಗಲ ಮೇಲೆಯೇ ಈಜಿಕೊಂಡು ಹೋಗುತ್ತಿದ್ದ. ಮಧ್ಯಾಹ್ನದ ಊಟ ಆಯಿತೇನಪ್ಪ ಎಂದು ಕೇಳಿದ್ದಕ್ಕೆ, "ಬೆಟ್ಟ ಮುಟ್ಟಲಿ ಅಣ್ಣ" ಎಂದ. ಆಗ ಗಂಟೆ ನಾಲ್ಕಾಗಿತ್ತು. ಪ್ರಯಾಣಿಕರು ಹೆಚ್ಚಿದರೆ ಬಸ್ಸು ಹೆಚ್ಚಬೇಕು, ಬಸ್ಸಿನೊಡನೆ ಕೆಲಸಗಾರರೂ ಹೆಚ್ಚಬೇಕು. ಉಚಿತ ಕೊಟ್ಟದ್ದು ಸರ್ಕಾರವೆಂದು ಬೋರ್ಡು ಹೇಳುತ್ತದೆ. ಅದರಲ್ಲಿ ಈ ಹುಡುಗನ ಊಟದ ಹೊತ್ತೂ ಸೇರಿದೆ ಎಂಬುದನ್ನು ಬೋರ್ಡು ಹೇಳುವುದಿಲ್ಲ.

2025ರ ಏಪ್ರಿಲ್ 24ರಂದು ರಾಜ್ಯದ ಮಂತ್ರಿಮಂಡಲವೇ ಈ ಬೆಟ್ಟಕ್ಕೆ ಬಂದು ಸಭೆ ನಡೆಸಿತು. ಬೆಂಗಳೂರನ್ನು ಬಿಟ್ಟು ನಮ್ಮ ಕಡೆಗೆ ಬಂದದ್ದಕ್ಕೆ ಸಂತೋಷವೇ. ಅಂದು ಅವರು ಕಾರಿನ ಬದಲು ಅಮಾವಾಸ್ಯೆಯ ಬಸ್ಸು ಹತ್ತಿ ಬಂದಿದ್ದರೆ ಸಭೆಯ ವಿಷಯಪಟ್ಟಿ ಸ್ವಲ್ಪ ಬೇರೆಯಾಗುತ್ತಿತ್ತೇನೋ.

ಅದೇ ವರ್ಷದ ಜೂನ್ ತಿಂಗಳಲ್ಲಿ ಈ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷವಿಕ್ಕಿದ ದನದ ಮಾಂಸ ತಿಂದು ಸತ್ತವು. ದೇಶವೆಲ್ಲ ಮರುಗಿತು, ಮರುಗತಕ್ಕದ್ದೇ. ಆದರೆ ಆ ಕಾಡನ್ನು ಹಗಲೂ ರಾತ್ರಿ ಕಾಯುವ ಹೊರಗುತ್ತಿಗೆಯ ಕಾವಲುಗಾರರು ತಮಗೆ ತಿಂಗಳುಗಟ್ಟಲೆ ಸಂಬಳ ಬಂದಿಲ್ಲವೆಂದು ಅದೇ ತಿಂಗಳು ಪ್ರತಿಭಟನೆ ಮಾಡಿದ್ದ ಸಂಗತಿ ಪತ್ರಿಕೆಗಳ ಒಳಪುಟಕ್ಕೆ ಬಂದದ್ದು ಹುಲಿಗಳು ಸತ್ತ ಮೇಲೆ. ಕೋವಿಯಿಲ್ಲದೆ, ಸಂಬಳವಿಲ್ಲದೆ, ಆನೆಯ ದಾರಿಯಲ್ಲಿ ದೊಣ್ಣೆ ಹಿಡಿದು ನಡೆಯುವವನಿಗೆ ಹನೂರಿನ ಅಂಗಡಿಯಲ್ಲಿ ಅಕ್ಕಿ ಸಾಲ. ಸಾಲ ಕೊಟ್ಟ ಅಂಗಡಿಯವನಿಗೆ ಕೊಳ್ಳೇಗಾಲದ ಮಂಡಿಯಲ್ಲಿ ಸಾಲ. ಹೊರಗುತ್ತಿಗೆ ಎಂಬ ಈ ಪದ್ಧತಿಯನ್ನು ಕಂಡುಹಿಡಿದವನು ಬುದ್ಧಿವಂತನೇ ಸರಿ: ಕೆಲಸ ಸರ್ಕಾರದ್ದು, ಕೆಲಸಗಾರ ಮಾತ್ರ ಸರ್ಕಾರದವನಲ್ಲ!

ಕೊಳ್ಳೇಗಾಲಕ್ಕೆ ಹಿಂದಿರುಗಿ ಮಗ್ಗದ ಬೀದಿಗಳನ್ನು ಸುತ್ತಿದೆವು. ಒಂದು ಕಾಲಕ್ಕೆ ಬೆಳಗಾಗುವುದೇ ಲಾಳಿಯ ಸದ್ದಿನಿಂದ ಎನ್ನುತ್ತಿದ್ದ ಊರು. ಈಗ ಕಿವಿಗೊಟ್ಟು ಆಲಿಸಬೇಕು. ನಾವು ಕೂತ ಮನೆಯಲ್ಲಿ ಮೂರು ಗುಳಿಮಗ್ಗಗಳಿದ್ದವಂತೆ, ಈಗ ಒಂದು. ಹಿರಿಯರು ಕೆಂಪು ಒಡಲಿಗೆ ಹಸಿರು ಅಂಚಿನ ಸೀರೆಯೊಂದನ್ನು ನೇಯುತ್ತಿದ್ದರು. ಇದೇ ನಮ್ಮ ಎರಡನೆಯ ಮೆಚ್ಚುಗೆ. ಅಂಥ ಅಂಚು ತಿದ್ದುವ ಕೈ ಇನ್ನೂ ಉಳಿದಿರುವುದೇ ನಮ್ಮ ಪುಣ್ಯ. ಅವರು ನೇಯ್ದುಕೊಟ್ಟದ್ದಕ್ಕೆ ಕೂಲಿ ಪಡೆಯುತ್ತಾರೆ. ರೇಷ್ಮೆ ಸಾಹುಕಾರನದು, ಜರಿ ಸಾಹುಕಾರನದು, ಸೀರೆಯೂ ಸಾಹುಕಾರನದು. ಕಣ್ಣು ಮತ್ತು ಸೊಂಟ ಮಾತ್ರ ಅವರವು.

ರೇಷ್ಮೆಯ ಧಾರಣೆ ಯಾರ ಕೈಯಲ್ಲಿದೆ ಎಂಬುದನ್ನು ಈ ಬೀದಿಯವರು ಚೆನ್ನಾಗಿ ಬಲ್ಲರು. 2011ರ ಮುಂಗಡ ಪತ್ರದಲ್ಲಿ ದೆಹಲಿಯವರು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಅಗ್ಗವಾಗಿ ಬಂದು, ಹಿಪ್ಪುನೇರಳೆ ಹಾಕಿದ ನಮ್ಮ ರೈತನ ಗೂಡಿನ ಬೆಲೆ ಬಿತ್ತು. ಎಷ್ಟೋ ಕಡೆ ಸೊಪ್ಪಿನ ತೋಟ ಕಿತ್ತರು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಕಿತ್ತ ಗಿಡ ಅದನ್ನು ಕೇಳಿ ಚಿಗುರಲಿಲ್ಲ. ಸುಂಕ ಇಳಿದರೆ ರೈತನಿಗೆ ಪೆಟ್ಟು, ಏರಿದರೆ ನೇಕಾರನಿಗೆ ಪೆಟ್ಟು ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸುವವರಿದ್ದಾರೆ. ಆ ಮನೆಯ ಹಿರಿಯರು ಅದಕ್ಕೆ ಕೊಟ್ಟ ಉತ್ತರ ನಮಗೆ ಹಿಡಿಸಿತು: "ದಾರ ಅಗ್ಗವಾದ ವರ್ಷವೂ ನಮ್ಮ ಕೂಲಿ ಅಷ್ಟೇ ಇತ್ತಲ್ಲ ಸ್ವಾಮಿ?"

ಅವರ ಮಗ ಬಿ.ಕಾಂ. ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಕೆಲಸ. ಬಂಡಿ ಅವನದೇ, ಪೆಟ್ರೋಲು ಅವನದೇ, ಬಿದ್ದರೆ ಮುರಿಯುವ ಕಾಲೂ ಅವನದೇ. ಕಂಪನಿಯವರು ಅವನನ್ನು ಕೂಲಿಕಾರನೆಂದು ಕರೆಯುವುದಿಲ್ಲವಂತೆ, 'ಪಾರ್ಟ್‌ನರ್' ಎನ್ನುತ್ತಾರಂತೆ. ನಮ್ಮ ಮಿಲ್ಲಿನ ಗೆಳೆಯರು ಇದನ್ನು ಓದಿ ನಗಬಹುದು. ಅವರ ಮಾಲೀಕರಿಗೆ ಈ ಉಪಾಯ ಇನ್ನೂ ಹೊಳೆದಿಲ್ಲವೆಂದು ಸಮಾಧಾನಪಟ್ಟುಕೊಳ್ಳಲಿ.

ಇನ್ನು ಹನೂರು ಕಡೆಯ ಹುಡುಗರು ಬೆಂಗಳೂರಿಗೆ, ಕೊಡಗಿನ ತೋಟಕ್ಕೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗುತ್ತಾರೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ದಿವಸ ಕಚೇರಿಯ ಕಾಗದಪತ್ರವೆಲ್ಲ ಮೈಸೂರಿನ ಕಡೆಗೆ ತಿರುಗಿತು. ಕೂಲಿ ಹುಡುಕುವವನ ಬಸ್ಸು ಇನ್ನೂ ಆ ಕಡೆಗೇ ಹೋಗುತ್ತಿದೆ.

ರೈಲಿನ ಮಾತನ್ನು ಕೊಳ್ಳೇಗಾಲದಲ್ಲಿ ಎತ್ತಿದರೆ ಜನ ನಗುತ್ತಾರೆ. ಮೈಸೂರಿನಿಂದ ಬಂದ ಹಳಿ ಚಾಮರಾಜನಗರದಲ್ಲಿ ನಿಂತದ್ದು ನಿಂತೇ ಇದೆ. ಬೆಂಗಳೂರಿನ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರಿನ ಮಾರ್ಗಕ್ಕೆ 1996-97ರಲ್ಲಿ ಮಂಜೂರಾತಿ ಸಿಕ್ಕಿತು. ಆ ವರ್ಷ ಹುಟ್ಟಿದ ಮಗು ಇವತ್ತು ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ಬಸ್ಸಿಗೆ ಕಾಯುತ್ತಿದೆ. ಸರ್ವೆ ಆಗುತ್ತದೆ, ಚುನಾವಣೆ ಬರುತ್ತದೆ, ಮತ್ತೆ ಸರ್ವೆ ಆಗುತ್ತದೆ. ಕಾರುಳ್ಳವರಿಗೆ ಹೆದ್ದಾರಿ ಅಗಲವಾಯಿತು. ಗೂಡಿನ ಮೂಟೆ ಹೊರುವವನಿಗೆ, ವಾರಕ್ಕೊಮ್ಮೆ ಊರಿಗೆ ಬರಬೇಕೆನ್ನುವ ಗಾರ್ಮೆಂಟ್ಸ್ ಹುಡುಗಿಗೆ ಬೇಕಾದದ್ದು ರೈಲು.

ಯಳಂದೂರು ಚಿಕ್ಕ ತಾಲ್ಲೂಕು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ನಮಗೆ ಜಹಗೀರುಗಳ ಮೇಲೆ ಮೋಹವಿಲ್ಲವಾದರೂ ಗೌರೀಶ್ವರ ದೇವಸ್ಥಾನದ ಬಳೆ ಮಂಟಪದ ಮುಂದೆ ನಿಂತು ಅರ್ಧ ಗಂಟೆ ಕಳೆದದ್ದನ್ನು ಒಪ್ಪಿಕೊಳ್ಳುತ್ತೇವೆ. ಕಲ್ಲಿನಲ್ಲಿ ಬಳೆಗಳನ್ನು ಕಡೆದು, ಒಂದರೊಳಗೊಂದು ಕೋದು, ಸರಪಣಿಯಂತೆ ಇಳಿಬಿಟ್ಟಿದ್ದಾರೆ. ಕಟ್ಟಿಸಿದ ಪಾಳೆಯಗಾರರ ವಿಚಾರ ಅಲ್ಲಿದ್ದವರು ಹೇಳಿದರು. ಉಳಿ ಹಿಡಿದವನ ಹೆಸರು ಕೇಳಿದರೆ ಯಾರೂ ಹೇಳಲಿಲ್ಲ. ಮಿಲ್ಲಿನವರು ಮಕ್ಕಳೊಡನೆ ಒಂದು ಭಾನುವಾರ ಹೋಗಿ ನೋಡಬೇಕು, ಖರ್ಚು ಹೆಚ್ಚಿಲ್ಲ.

ಇದೇ ಊರಿನವಳು ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆ ಅಡಿಕೆಯ ಸಂಚಿ ಹಿಡಿಯುವುದು ಆಕೆಯ ಉದ್ಯೋಗ. ಕೆಲಸದ ಹೆಸರೇ ಅವಳ ಹೆಸರಿಗೆ ಅಂಟಿಕೊಂಡಿದೆ. ಆ ಕೆಲಸ ಮಾಡುತ್ತಲೇ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಅದರಲ್ಲಿರುವ ಪತಿಸೇವೆಯ ಉಪದೇಶ ನಮಗೆ ರುಚಿಸುವುದಿಲ್ಲ, ಹೇಳಿಬಿಡುತ್ತೇವೆ. ಆದರೆ ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರಿಗೆ ಸುಮಾರು ಮುನ್ನೂರು ವರ್ಷದ ಹಿಂದೆಯೇ, ಅದೂ ಅರಮನೆಯೊಳಗೆ ಆಳಾಗಿ ನಿಂತು, ಚಾಟಿ ಬೀಸಿದವಳು. ಸಂಬಳದ ಹೆಣ್ಣೊಬ್ಬಳು ಬರೆದ ಪುಸ್ತಕ ಎಂದು ಶಾಲೆಯಲ್ಲಿ ಯಾರೂ ನಮಗೆ ಹೇಳಿಕೊಡಲಿಲ್ಲ. ಪತಿವ್ರತೆಯ ಪುಸ್ತಕ ಎಂದಷ್ಟೇ ಹೇಳಿದರು.

ಊರಿಗೆ ಮರಳುವ ದಾರಿಯಲ್ಲಿ ಬಸ್ಸು ಸಂತೇಮರಹಳ್ಳಿಯಲ್ಲಿ ಚಹಾಕ್ಕೆ ನಿಂತಿತು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಅಳಿಸಿಹೋಗುವ ಮುಂಚೆ ಇದೂ ಒಂದು ವಿಧಾನಸಭಾ ಕ್ಷೇತ್ರ. 2004ರಲ್ಲಿ ಇಲ್ಲಿ ಗೆದ್ದವರಿಗೆ 40,752 ಓಟು, ಸೋತವರಿಗೆ 40,751. ಒಂದೇ ಒಂದು ಓಟು. ಸೋತ ಅಭ್ಯರ್ಥಿಯ ಕಾರಿನ ಡ್ರೈವರು ಅಂದು ಬೆಳಗಿನಿಂದ ಸಂಜೆಯವರೆಗೆ ಗಾಡಿ ಓಡಿಸುತ್ತಲೇ ಇದ್ದು, ಓಟು ಹಾಕಿ ಬರಲು ಅವನಿಗೆ ಬಿಡುವು ಸಿಗಲಿಲ್ಲವೆಂದು ಇಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ಚಹಾದ ಅಂಗಡಿಯವನು ನಮಗೂ ಹೇಳಿದ. ನಮ್ಮ ಬಸ್ಸಿನ ಡ್ರೈವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದವನು, ಲೋಟ ಕೆಳಗಿಟ್ಟು, "ಹೊತ್ತಾಯ್ತು, ಹತ್ತಿ" ಎಂದ.